ಅಮೆರಿಕದ ಗುಡ್ಡ, ದಾವಣಗೆರೆಯ ಮಂಡಿ

ಪ್ರಶ್ನೆ: "ನಮಸ್ಕಾರ ಮೇಡಂ. ನನಗೆ 58 ವರ್ಷ, ತೂಕ 71 ಕೆ.ಜಿ. ದಾವಣಗೆರೆಯ ವಿದ್ಯಾನಗರದಲ್ಲಿ ಮನೆ. ಜೂನ್ ಕೊನೆಗೆ ನಾನು, ನಮ್ಮ ಮನೆಯವರು ಅಮೆರಿಕದ ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಮೂರು ತಿಂಗಳು ಇರುತ್ತೇವೆ. ಅಳಿಯಂದಿರಿಗೆ ಬೆಟ್ಟ ಹತ್ತುವ ಹುಚ್ಚು. ಅಲ್ಲಿ ಗ್ರಾನೈಟ್ ಮೌಂಟನ್ ಅಂತ ಒಂದು ಬೆಟ್ಟ ಇದೆಯಂತೆ. ತುದಿಯಲ್ಲಿ ಕಾಡಿನ ಬೆಂಕಿ ಕಾಯೋ ಹಳೇ ಗೋಪುರ ಇದೆಯಂತೆ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು, ಹೋಗಿ ಬರೋದು ಸೇರಿ 8.6 ಮೈಲಿ, ಏರು 3,800 ಅಡಿ ಅಂತ ಬರೆದು ಕಳಿಸಿದ್ದಾರೆ. ನಾನು ದಿನಾ ಬೆಳಿಗ್ಗೆ ಕುಂದವಾಡ ಕೆರೆ ಹತ್ತಿರ ಐದು ಕಿ.ಮೀ. ನಡೆಯುತ್ತೇನೆ, ಸುಸ್ತು ಅನ್ನೋದೇ ಇಲ್ಲ. ಆದರೆ ಹೋದ ಡಿಸೆಂಬರ್‌ನಲ್ಲಿ ಚಿತ್ರದುರ್ಗದ ಕೋಟೆಗೆ ಹೋಗಿದ್ದಾಗ ಹತ್ತುವಾಗ ಏನೂ ಆಗಲಿಲ್ಲ, ಇಳಿಯುವಾಗ ಎರಡೂ ಮಂಡಿಚಿಪ್ಪಿನ ಹತ್ತಿರ ನೋವು ಬಂತು, ತೊಡೆ ಗಡಗಡ ನಡುಗಿತು. ಎಕ್ಸ್‌ರೇ ತೆಗೆಸಿದೆ, 'ಸ್ವಲ್ಪ ಗ್ಯಾಪ್ ಕಡಿಮೆ ಆಗಿದೆ' ಅಂದರು. ಕೂತು ಏಳುವಾಗ ಮಂಡಿ ಕಟಕಟ ಅನ್ನುತ್ತೆ. ಎದುರು ಮನೆಯವರು 'ಮೆಟ್ಟಿಲು ಹತ್ತಿದಷ್ಟೂ ಮಂಡಿ ಸವೆಯುತ್ತೆ, ಇರೋದನ್ನ ಜೋಪಾನ ಮಾಡಿಕೋ' ಅಂತಾರೆ. ನಮ್ಮ ಮನೆಯವರಿಗೆ ಅಷ್ಟು ಎತ್ತರದಲ್ಲಿ ಉಸಿರು ಸಿಗಲ್ಲ ಅನ್ನೋ ಭಯ. ನನಗೆ ಬಿಪಿಗೆ ಟೆಲ್ಮಿಸಾರ್ಟನ್, ಹೈಡ್ರೋಕ್ಲೋರೋಥಯಾಝೈಡ್ ಎರಡೂ ಸೇರಿದ ಮಾತ್ರೆ ಇದೆ. ಶುಗರ್ ಇಲ್ಲ. ಮಂಡಿಗೆ ಕ್ಯಾಪ್ ಹಾಕಿಕೊಂಡು, ಹೊರಡೋ ಮುಂಚೆ ಒಂದು ನೋವಿನ ಮಾತ್ರೆ ತಗೊಂಡರೆ ನಡೆಯುತ್ತಾ? ಅಥವಾ ಕೆಳಗೆ ಕಾರಲ್ಲೇ ಕೂತಿರೋದು ವಾಸಿಯಾ?"

ಉತ್ತರ: ಮೊದಲು ನೋವಿನ ಮಾತ್ರೆಯ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಅದೊಂದೇ. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ಮಾತ್ರೆಯನ್ನು ಹೊರಡುವ ಮುಂಚೆ ತಗೊಳ್ಳಬೇಡಿ. ಟೆಲ್ಮಿಸಾರ್ಟನ್ ಒಂದು ಕಡೆ, ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಝೈಡ್ ಇನ್ನೊಂದು ಕಡೆ, ಅದರ ಮೇಲೆ ಈ ನೋವಿನ ಮಾತ್ರೆ. ಮೂರೂ ಸೇರಿದರೆ ಕಿಡ್ನಿಗೆ ಹೋಗುವ ರಕ್ತದ ಒತ್ತಡ ಇಳಿಯುತ್ತದೆ. ಏಳೆಂಟು ಗಂಟೆ ಬೆವರು ಸುರಿಸಿ, ನೀರೂ ಕಡಿಮೆ ಕುಡಿದಿದ್ದರೆ ಕಿಡ್ನಿ ಒಮ್ಮೆಲೇ ಕೈಕೊಡುವ ಅಪಾಯ ಇದೆ. ವೈದ್ಯರು ಈ ಮೂರರ ಜೋಡಿಗೆ ಬಹಳ ಹೆದರುತ್ತಾರೆ. ನೋವಿಗೆ ಏನಾದರೂ ಬೇಕೇ ಬೇಕು ಅನ್ನಿಸಿದರೆ ಪ್ಯಾರಸಿಟಮಾಲ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಆ ದಿನ ಬಿಪಿ ಮಾತ್ರೆಯನ್ನು ಹೇಗೆ ತಗೊಳ್ಳಬೇಕು ಅಂತಲೂ ಅವರನ್ನೇ ಕೇಳಿ. ನೀವಾಗಿಯೇ ಮಾತ್ರೆ ಬಿಡುವುದೂ ಬೇಡ. ಇನ್ನೂ ಒಂದು ಮಾತು. ನೋವು ಮುಚ್ಚಿಹಾಕಿಕೊಂಡು ಇಳಿದರೆ, ಎಲ್ಲಿ ನಿಲ್ಲಬೇಕಿತ್ತು ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

ಈಗ ನಿಮ್ಮ ಯಜಮಾನರ ಭಯಕ್ಕೆ ಬರೋಣ. ಗ್ರಾನೈಟ್ ಮೌಂಟನ್ ತುದಿ 5,629 ಅಡಿ, ಅಂದರೆ ಸುಮಾರು 1,716 ಮೀಟರ್. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯೇ 1,930 ಮೀಟರ್ ಇದೆ. ಅಲ್ಲಿ ನಿಂತು ಮಂಡಕ್ಕಿ ತಿಂದು ಫೋಟೋ ತೆಗೆಸಿಕೊಂಡು ಬರುವವರಿಗೆ ಯಾರಿಗೂ ಉಸಿರಿನ ಚಿಂತೆ ಇರುವುದಿಲ್ಲ, ಅಲ್ವಾ? ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಕೇದಾರನಾಥಕ್ಕೆ ಹೋಗುವವರು ಅದರ ಬಗ್ಗೆ ಯೋಚಿಸಬೇಕು, ನೀವು ಬೇಡ. ಗ್ರಾನೈಟ್ ಮೌಂಟನ್‌ನಲ್ಲಿ ಏದುಸಿರು ಬರುತ್ತದೆ, ಖಂಡಿತ ಬರುತ್ತದೆ. ಆದರೆ ಅದು ಗಾಳಿ ತೆಳುವಾಗಿದ್ದಕ್ಕಲ್ಲ, ದಾರಿ ಕಡಿದಾಗಿ ಇರುವುದಕ್ಕೆ.

ಎಷ್ಟು ಕಡಿದು ಅನ್ನುವುದು ನಿಮ್ಮ ಅಳಿಯಂದಿರು ಕಳಿಸಿದ ಅಂಕಿಯಲ್ಲೇ ಇದೆ. 8.6 ಮೈಲಿ ಅಂದರೆ ಸುಮಾರು 13.8 ಕಿ.ಮೀ., ಅದರಲ್ಲಿ ಅರ್ಧ ಏರು, ಅರ್ಧ ಇಳಿಜಾರು. 3,800 ಅಡಿ ಅಂದರೆ ಸುಮಾರು 1,158 ಮೀಟರ್. ನೂರು ಮೀಟರ್ ನಡೆದರೆ ಸರಾಸರಿ 17 ಮೀಟರ್ ಮೇಲೆ ಹೋದಂತೆ. ಅದೂ ಮೊದಲ ಒಂದು ಮೈಲಿ ಪ್ರ್ಯಾಟ್ ಲೇಕ್ ಅನ್ನುವ ಕೆರೆಗೆ ಹೋಗುವ ಸೌಮ್ಯ ದಾರಿ. ಅಲ್ಲಿಂದ ಕವಲೊಡೆದ ಮೇಲೆ ಬರುವುದು ನಿಜವಾದ ಏರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳಬೇಕೆಂದರೆ, ಮೆಟ್ಟಿಲಿಗೆ 15 ಸೆಂ.ಮೀ. ಅಂತ ಹಿಡಿದರೆ 7,700 ಮೆಟ್ಟಿಲು. ಆನೆಗೊಂದಿ ಹತ್ತಿರದ ಅಂಜನಾದ್ರಿಗೆ 575 ಮೆಟ್ಟಿಲು ಅನ್ನುತ್ತಾರೆ. ಅಂಥದ್ದನ್ನು ಹದಿಮೂರು ಸಲ ಹತ್ತಿ, ಹದಿಮೂರು ಸಲ ಇಳಿದ ಲೆಕ್ಕ. ಚಿತ್ರದುರ್ಗದ ಕೋಟೆಯಲ್ಲಿ ಓಡಾಡಿದರೆ ಒಟ್ಟು ಏರು ಕೆಲವು ನೂರು ಅಡಿ ಅಷ್ಟೇ. ಅಲ್ಲಿ ನಡುಗಿದ ತೊಡೆ ಇಲ್ಲಿ ಸುಮ್ಮನಿರುತ್ತದೆ ಅಂತ ನಾನು ಹೇಳಿದರೆ ನಿಮಗೆ ಮೋಸ ಮಾಡಿದಂತೆ.

ಹಾಗಂತ ಕಾರಲ್ಲಿ ಕೂತಿರಿ ಅಂತಲೂ ಹೇಳುವುದಿಲ್ಲ. ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುಳಿವಿದೆ. ಹತ್ತುವಾಗ ಏನೂ ಆಗಲಿಲ್ಲ, ಇಳಿಯುವಾಗ ನೋವು ಬಂತು ಅಂದಿರಿ. ಬಹಳ ಜನ ಇದನ್ನು ವಿಚಿತ್ರ ಅಂದುಕೊಳ್ಳುತ್ತಾರೆ. ಹತ್ತುವುದು ಕಷ್ಟ, ಇಳಿಯುವುದು ಸಲೀಸು ಅನ್ನುವುದು ನಮ್ಮೆಲ್ಲರ ತಲೆಯಲ್ಲಿ ಕೂತಿರುವ ಲೆಕ್ಕ. ಎದೆಯ ಮಟ್ಟಿಗೆ ಅದು ನಿಜ. ಹತ್ತುವಾಗ ಹೃದಯಕ್ಕೂ ಶ್ವಾಸಕೋಶಕ್ಕೂ ಕೆಲಸ ಜಾಸ್ತಿ. ಕೆರೆ ಹತ್ತಿರ ದಿನಾ ನಡೆದು ನೀವು ಅವೆರಡನ್ನೂ ಚೆನ್ನಾಗಿ ಇಟ್ಟುಕೊಂಡಿದ್ದೀರಿ. ಇಳಿಯುವಾಗ ಕೆಲಸ ಬೀಳುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೆ. ಆಗುಂಬೆ ಘಾಟಿ ಇಳಿಯುವ ಲಾರಿಯನ್ನು ನೋಡಿ. ಡ್ರೈವರ್ ಸಣ್ಣ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ಗಾಡಿ ಹಿಡಿಯುತ್ತಾನೆ, ಬರೀ ಬ್ರೇಕ್ ನಂಬಿದರೆ ಬ್ರೇಕ್ ಸುಟ್ಟ ವಾಸನೆ ಬರುತ್ತದೆ. ನಿಮ್ಮ ತೊಡೆಯೂ ಪ್ರತಿ ಹೆಜ್ಜೆಗೆ 71 ಕೆ.ಜಿ. ಮೈಯನ್ನು ಹಿಡಿದು ಹಿಡಿದು ಬಿಡಬೇಕು. ಸ್ನಾಯು ಉದ್ದವಾಗುತ್ತಲೇ ಬಿಗಿ ಹಿಡಿಯುವ ಕೆಲಸ ಅದು. ಸಮತಟ್ಟಾದ ದಾರಿಯಲ್ಲಿ ಐದಲ್ಲ, ಹತ್ತು ಕಿ.ಮೀ. ನಡೆದರೂ ಈ ಕೆಲಸ ಅದಕ್ಕೆ ಅಭ್ಯಾಸವಾಗುವುದಿಲ್ಲ.

ತೊಡೆ ಸುಸ್ತಾದ ಮೇಲೆ ಏನಾಗುತ್ತದೆ? ಹೆಜ್ಜೆ ಧಪ್ ಧಪ್ ಅಂತ ಬೀಳುತ್ತದೆ. ಮಂಡಿ ಮಡಚಿದ ಸ್ಥಿತಿಯಲ್ಲಿ ಭಾರ ಹೊರುವಾಗ ಮಂಡಿಚಿಪ್ಪು ತೊಡೆಮೂಳೆಗೆ ಜೋರಾಗಿ ಒತ್ತುತ್ತದೆ. ನೋವು ಚಿಪ್ಪಿನ ಸುತ್ತ ಬರುವುದು ಅದಕ್ಕೇ. ನೆಲದ ಮೇಲಿನಿಂದ ಏಳುವಾಗ, ಬಸ್ಸಿನಿಂದ ಇಳಿಯುವಾಗ ಕೂಡ ಅದೇ ಜಾಗದಲ್ಲಿ ನೋಯುತ್ತಿರಬೇಕು. ಇದು ಮಂಡಿ ಹಾಳಾಗಿದೆ ಅನ್ನುವುದಕ್ಕಿಂತ ತೊಡೆ ಸಾಲುತ್ತಿಲ್ಲ ಅನ್ನುವುದರ ಗುರುತು. ವಾರಾಂತ್ಯದಲ್ಲಿ ಚಿಕ್ಕಮಗಳೂರಿನ ಬೆಟ್ಟಗಳಿಗೆ ಹೋಗಿ ಬಂದು ಸೋಮವಾರ ನಮ್ಮಲ್ಲಿಗೆ ಕುಂಟುತ್ತಾ ಬರುವವರಲ್ಲಿ ಇಪ್ಪತ್ತೈದರ ಹುಡುಗರೂ ಇರುತ್ತಾರೆ. ಜಿಮ್‌ನಲ್ಲಿ ತೋಳು ಬೆಳೆಸಿರುತ್ತಾರೆ, ಇಳಿಜಾರಿನ ಅಭ್ಯಾಸ ಇರುವುದಿಲ್ಲ.

ಇನ್ನು ಎದುರು ಮನೆಯವರ ಮಾತು. ಮಂಡಿ ಇಷ್ಟೇ ಸಲ ಮಡಚಬೇಕು ಅಂತ ಯಾರೂ ಬರೆದುಕೊಟ್ಟಿಲ್ಲ. ಕೀಲಿನೊಳಗಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳ ಇಲ್ಲ. ಭಾರ ಬಿದ್ದು ಬಿಟ್ಟು ಆಗುತ್ತಿದ್ದರೇನೇ ಕೀಲಿನ ದ್ರವ ಒಳಗೆ ಹೋಗಿ ಅದಕ್ಕೆ ಆಹಾರ ಸಿಗುವುದು. ಜೋಪಾನ ಮಾಡುತ್ತೇನೆ ಅಂತ ಕೂತುಬಿಟ್ಟರೆ ತೊಡೆ ಸೊರಗುತ್ತದೆ, ತೂಕ ಏರುತ್ತದೆ, ಆಗ ಮಂಡಿಗೆ ನಿಜವಾದ ಕಷ್ಟ ಶುರು. ಮಂಡಿ ಸಂಧಿವಾತ ಇರುವವರಿಗೂ ಈಗ ಜಗತ್ತಿನ ಎಲ್ಲ ಕಡೆ ಮೊದಲು ಹೇಳುವ ಚಿಕಿತ್ಸೆ ವ್ಯಾಯಾಮವೇ. ಎಕ್ಸ್‌ರೇಯಲ್ಲಿ 'ಗ್ಯಾಪ್ ಕಡಿಮೆ' ಅನ್ನುವುದು ಐವತ್ತೈದು ದಾಟಿದ ಎಷ್ಟೋ ಜನರಲ್ಲಿ ಕಾಣುತ್ತದೆ. ಅದರಲ್ಲಿ ಬಹಳಷ್ಟು ಜನರಿಗೆ ನೋವೇ ಇರುವುದಿಲ್ಲ. ನೋವಿನಿಂದ ಒದ್ದಾಡುವ ಕೆಲವರ ಎಕ್ಸ್‌ರೇ ನೋಡಿದರೆ ಅದು ನೀಟಾಗಿರುತ್ತದೆ. ಹಾಗಾಗಿ ನಾನು ಫಿಲ್ಮ್ ನೋಡುವುದಕ್ಕಿಂತ ಹೆಚ್ಚು ಹೊತ್ತು ಪೇಷಂಟ್ ಮೆಟ್ಟಿಲು ಇಳಿಯುವುದನ್ನು ನೋಡುತ್ತೇನೆ. ಕಟಕಟ ಶಬ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೋವು, ಬಾವು ಇಲ್ಲದ ಶಬ್ದ ಬರೀ ಶಬ್ದ.

ಯಾವಾಗ ತಲೆ ಕೆಡಿಸಿಕೊಳ್ಳಬೇಕು ಅಂತಲೂ ಹೇಳಬೇಕು. ಮಂಡಿ ಊದಿಕೊಂಡರೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೆ, ನಡೆಯುವಾಗ ಇದ್ದಕ್ಕಿದ್ದಂತೆ ಕೈಕೊಟ್ಟರೆ, ರಾತ್ರಿ ಮಲಗಿದಾಗಲೂ ನೋವು ಎಬ್ಬಿಸಿದರೆ ಬೆಟ್ಟದ ಯೋಚನೆ ಬಿಟ್ಟು ಮೂಳೆ ಡಾಕ್ಟರ ಹತ್ತಿರ ಹೋಗಿ. ಇನ್ನೊಂದು, ಏರು ಹತ್ತುವಾಗ ಎದೆ ಹಿಡಿದಂತಾಗುವುದು, ಎಡತೋಳು ಅಥವಾ ದವಡೆಗೆ ನೋವು ಹರಡುವುದು, ಕಣ್ಣು ಕತ್ತಲೆ ಬರುವುದು. ಇವು ಒಮ್ಮೆ ಆಗಿದ್ದರೂ ಮುಚ್ಚಿಡಬೇಡಿ. ನಿಮಗೆ ಬಿಪಿ ಇದೆ, ವಯಸ್ಸು 58. ಕೆರೆ ಹತ್ತಿರ ನಡೆದದ್ದಕ್ಕೂ ಏಳೆಂಟು ಗಂಟೆ ಬೆಟ್ಟ ಹತ್ತುವುದಕ್ಕೂ ವ್ಯತ್ಯಾಸ ಇದೆ. ಆದ್ದರಿಂದ ಹೊರಡುವ ಮುಂಚೆ ನಿಮ್ಮ ಫಿಸಿಷಿಯನ್‌ಗೆ ಈ ಅಂಕಿಗಳನ್ನೇ ತೋರಿಸಿ. ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ಬೇಕಾ ಬೇಡವಾ ಅನ್ನುವುದನ್ನು ಅವರು ತೀರ್ಮಾನಿಸಲಿ. ಯಜಮಾನರೂ ಜೊತೆಗೆ ಹತ್ತುವುದಾದರೆ ಅವರದೂ ಆಗಲಿ. ಗಂಡಸರು ಹೆಂಡತಿಯ ಮಂಡಿ ನೆಪ ಹೇಳಿ ತಮ್ಮ ಎದೆಯ ಪರೀಕ್ಷೆ ತಪ್ಪಿಸಿಕೊಳ್ಳುವುದು ನಾವು ದಿನಾ ನೋಡುವ ಸಂಗತಿ.

ಡಾಕ್ಟರು ಸರಿ ಅಂದರೆ ಈಗ ತಯಾರಿ. ಏಪ್ರಿಲ್ ಶುರುವಿನಲ್ಲಿ ಬರೆದಿದ್ದೀರಿ, ಜೂನ್ ಕೊನೆಯವರೆಗೆ ಹನ್ನೆರಡು ವಾರ ಇದೆ. ಬೇಕಾದಷ್ಟಾಯಿತು.

ಮನೆಯಲ್ಲಿ ಮಾಡುವ ಒಂದೇ ವ್ಯಾಯಾಮ ಹೇಳಿ ಅಂದರೆ ನಾನು ಹೇಳುವುದು ಮೆಟ್ಟಿಲಿನಿಂದ ನಿಧಾನವಾಗಿ ಇಳಿಯುವುದು. ಆರು ಇಂಚಿನ ಮೆಟ್ಟಿಲ ಅಂಚಿನಲ್ಲಿ ಒಂದು ಕಾಲಲ್ಲಿ ನಿಂತು, ಗೋಡೆಗೆ ಬೆರಳು ತಾಗಿಸಿ. ನಿಂತ ಕಾಲಿನ ಮಂಡಿ ಮಡಚುತ್ತಾ, ಒಂದು ಎರಡು ಮೂರು ನಾಲ್ಕು ಅಂತ ಎಣಿಸುತ್ತಾ ಇನ್ನೊಂದು ಹಿಮ್ಮಡಿಯನ್ನು ಕೆಳಗಿನ ನೆಲಕ್ಕೆ ಮೆಲ್ಲಗೆ ತಾಗಿಸಿ. ಮತ್ತೆ ಮೇಲೆ ಬನ್ನಿ. ಕನ್ನಡಿ ಮುಂದೆ ಮಾಡಿದರೆ ಒಳ್ಳೆಯದು. ಮಂಡಿ ಒಳಗೆ ಬಾಗದೆ ಕಾಲಿನ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಒಂದೊಂದು ಕಾಲಿಗೆ ಎಂಟು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಸುಲಭ ಅನ್ನಿಸಿದ ಮೇಲೆ ಮೆಟ್ಟಿಲು ಎತ್ತರ ಮಾಡಿ, ಆಮೇಲೆ ಬೆನ್ನಿಗೆ ನಾಲ್ಕು ಕೆ.ಜಿ. ಅಕ್ಕಿ ಹಾಕಿದ ಬ್ಯಾಗು. ಇದರ ಜೊತೆ ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನವಾಗಿ ಕೂರುವುದು, ತುದಿಗಾಲಲ್ಲಿ ನಿಂತು ಇಳಿಯುವುದು, ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು. ಈ ಕೊನೆಯದು ತಮಾಷೆ ಅನ್ನಿಸಬಹುದು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ತೆಳುವಾಗುತ್ತದೆ, ಕಲ್ಲಿನ ದಾರಿಯಲ್ಲಿ ಜಾರಿ ಕೈ ಊರಿದರೆ ಮುರಿಯುವುದು ಮಣಿಕಟ್ಟು. ಮಂಡಿಗಿಂತ ನನಗೆ ನಿಮ್ಮ ಮಣಿಕಟ್ಟಿನ ಚಿಂತೆಯೇ ಜಾಸ್ತಿ.

ವ್ಯಾಯಾಮ ಮಾಡುವಾಗ ನೋವು ಬಂದರೆ? ಹತ್ತಕ್ಕೆ ಮೂರರಷ್ಟು ನೋವು ಪರವಾಗಿಲ್ಲ, ಮಾರನೇ ದಿನ ಅಷ್ಟೊತ್ತಿಗೆ ಇಳಿದಿರಬೇಕು. ಇಳಿದಿಲ್ಲ ಅಂದರೆ ಮೆಟ್ಟಿಲಿನ ಎತ್ತರ ತಗ್ಗಿಸಿ, ಪೂರ್ತಿ ಬಿಡಬೇಡಿ. ತೊಡೆಯ ಸ್ನಾಯು ನೋವು ಬೇರೆ. ಅದು ಮಾರನೇ ದಿನ ಶುರುವಾಗಿ ಎರಡು ಮೂರನೇ ದಿನ ಜೋರಾಗಿ, ತಾನಾಗಿಯೇ ಹೋಗುತ್ತದೆ. ಇದರಲ್ಲಿ ಒಂದು ಸಂತೋಷದ ಸಂಗತಿ ಇದೆ. ಒಂದು ಸಲ ಚೆನ್ನಾಗಿ ಇಳಿದು ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಹಾಗಾಗಿ ಬೆಟ್ಟಕ್ಕೆ ಮುಂಚೆ ಸಣ್ಣ ಸಣ್ಣ ಇಳಿಜಾರು ಇಳಿದಿರಬೇಕು. ಆದರೆ ಹಿಂದಿನ ದಿನ ಅಲ್ಲ, ಒಂದೆರಡು ವಾರ ಮುಂಚೆ.

ದಾವಣಗೆರೆಯ ತೊಂದರೆ ಅಂದರೆ ಊರು ಬಯಲು. ಕುಂದವಾಡ ಕೆರೆ ಹತ್ತಿರದ ನಡಿಗೆ ಬಿಡಬೇಡಿ, ಆದರೆ ಅದನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿ, ಉಳಿದ ದಿನ ಮೆಟ್ಟಿಲು. ಅಪಾರ್ಟ್‌ಮೆಂಟಿನಲ್ಲಿ ನೆಂಟರಿದ್ದರೆ ಅಲ್ಲಿ ಹತ್ತಿ, ನಡೆದೇ ಇಳಿಯಿರಿ. ಜನ ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯುತ್ತಾರೆ. ನಿಮಗೆ ಬೇಕಿರುವ ಅರ್ಧ ಅಭ್ಯಾಸ ಆ ಲಿಫ್ಟಿನಲ್ಲೇ ಹೋಗಿಬಿಡುತ್ತದೆ. ಹದಿನೈದು ದಿನಕ್ಕೊಮ್ಮೆ ಉಚ್ಚಂಗಿದುರ್ಗಕ್ಕೆ ಹೋಗಿ, ನಮ್ಮೂರಿಂದ ಸುಮಾರು 30 ಕಿ.ಮೀ. ಉಚ್ಚಂಗೆಮ್ಮನ ದರ್ಶನವೂ ಆಗುತ್ತದೆ. ಜಾತ್ರೆ, ಹುಣ್ಣಿಮೆ ದಿನ ಮಾತ್ರ ಬೇಡ, ಜನಜಂಗುಳಿಯಲ್ಲಿ ನಿಮ್ಮ ಲೆಕ್ಕದಲ್ಲಿ ಇಳಿಯಲು ಬಿಡುವುದಿಲ್ಲ. ಒಂದು ಸಲ ಹತ್ತಿ ಇಳಿಯುವುದರಿಂದ ಶುರು ಮಾಡಿ ಎರಡು, ಮೂರಕ್ಕೆ ಹೋಗಿ. ಚಿತ್ರದುರ್ಗದ ಕೋಟೆಯನ್ನು ಮೇ ತಿಂಗಳಲ್ಲಿ ಇನ್ನೊಮ್ಮೆ ನೋಡಿ. ಬಾಗಿಲು ತೆಗೆಯುತ್ತಿದ್ದಂತೆ ಒಳಗೆ ಹೋದರೆ ಬಂಡೆ ಕಾಯುವ ಮುಂಚೆ ಮುಗಿಸಬಹುದು. ತುಪ್ಪದ ಕೊಳದ ಬಂಡೆಯನ್ನು ಮಾತ್ರ ಅಭ್ಯಾಸಕ್ಕೆ ಬಳಸಬೇಡಿ. ನುಣುಪಾದ ಬಂಡೆ, ಕಾಲಿಡಲು ಕಡಿದ ಸಣ್ಣ ಗುಳಿಗಳು. ಜಾರಿದರೆ ಅಮೆರಿಕ ಪ್ರವಾಸ ಅಲ್ಲಿಗೇ ಮುಗಿಯಿತು. ಕೆಲವರು ಜೋಗಿಮಟ್ಟಿ ಹೇಳುತ್ತಾರೆ. ದಾರಿ ಚೆನ್ನಾಗಿದೆ, ಆದರೆ ಅದು ಚಿರತೆ, ಕರಡಿ ಇರುವ ಕಾಡು. ಬೇಸಿಗೆಯಲ್ಲಿ ಬೆಂಕಿಯ ಭಯವೂ ಇರುತ್ತದೆ. ಅರಣ್ಯ ಇಲಾಖೆಯವರನ್ನು ಕೇಳದೆ ಹೋಗಬೇಡಿ.

ಬೆಂಕಿಯ ಮಾತು ಬಂತಲ್ಲ, ನೀವು ನೋಡಹೊರಟಿರುವ ಗೋಪುರದ ಕತೆಯೂ ಅಲ್ಲಿಂದಲೇ ಶುರು. 1910ರ ಆಗಸ್ಟ್‌ನಲ್ಲಿ ಅಮೆರಿಕದ ವಾಯವ್ಯ ಭಾಗದಲ್ಲಿ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. ಎಂಬತ್ತಕ್ಕಿಂತ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಬೆಂಕಿ ಆರಿಸಲು ಹೋದವರು. ಹೊಗೆ ಸಣ್ಣದಿರುವಾಗಲೇ ಕಾಣಬೇಕು ಅಂತ ಆಮೇಲೆ ಬೆಟ್ಟದ ತುದಿಗಳಲ್ಲಿ ನೂರಾರು ಕಾವಲು ಮನೆ ಕಟ್ಟಿದರು. ನಾಲ್ಕೂ ಕಡೆ ಗಾಜು, ನಡುವೆ ದುಂಡನೆಯ ನಕ್ಷೆಯ ಮೇಲೆ ತಿರುಗಿಸಿ ಹೊಗೆಯ ದಿಕ್ಕು ಗುರುತಿಸುವ ಉಪಕರಣ, ಸಿಡಿಲು ಹೊಡೆಯುವಾಗ ನಿಲ್ಲಲು ಗಾಜಿನ ಕಾಲಿನ ಸ್ಟೂಲು. ಬೇಸಿಗೆ ಪೂರ್ತಿ ಒಬ್ಬೊಬ್ಬರೇ ಅಲ್ಲಿ ಇರುತ್ತಿದ್ದರು. ಗ್ರಾನೈಟ್ ಮೌಂಟನ್‌ನ ಈಗಿನ ಗೋಪುರ 1950ರ ದಶಕದ್ದು. ಹೀಗೆ ಸುತ್ತಲೂ ಕಾಣಲಿ ಅಂತಲೇ ಆರಿಸಿದ ಜಾಗ ಅದು, ದಾರಿ ಕಡಿದಾಗಿರುವುದರಲ್ಲಿ ಆಶ್ಚರ್ಯ ಇಲ್ಲ.

ಇಲ್ಲಿ ನಿಮ್ಮನ್ನೊಂದು ಮಾತು ಕೇಳಬೇಕು. ನಿಮಗೆ ಗೋಪುರ ನೋಡಬೇಕಾ, ಇಲ್ಲಾ ಗ್ರಾನೈಟ್ ಮೌಂಟನ್ನೇ ಹತ್ತಬೇಕಾ? ಗೋಪುರವೇ ಮುಖ್ಯ ಅಂದರೆ ಅಳಿಯಂದಿರಿಗೆ ಮೌಂಟ್ ಫ್ರೀಮಾಂಟ್ ಹೆಸರು ಹೇಳಿ. ಅದು ಮೌಂಟ್ ರೇನಿಯರ್ ರಾಷ್ಟ್ರೀಯ ಉದ್ಯಾನದಲ್ಲಿದೆ. ಕಾರು ಸನ್‌ರೈಸ್ ಅನ್ನುವ ಜಾಗದವರೆಗೆ, 6,400 ಅಡಿ ಎತ್ತರಕ್ಕೆ ಹೋಗುತ್ತದೆ. ಅಲ್ಲಿಂದ ಗೋಪುರಕ್ಕೆ ಹೋಗಿ ಬರಲು ಸುಮಾರು 9 ಕಿ.ಮೀ., ಏರು ಸಾವಿರ ಅಡಿ ಆಸುಪಾಸು. 1930ರ ದಶಕದ ಗೋಪುರ, ಎದುರಿಗೆ 14,410 ಅಡಿಯ ಹಿಮದ ಬೆಟ್ಟ. ನಿಮ್ಮ ಈಗಿನ ಮಂಡಿಗೆ, ಎರಡು ತಿಂಗಳ ಅಭ್ಯಾಸ ಸೇರಿದರೆ, ಇದು ನಿಲುಕುವ ನಡಿಗೆ. ಗೋಪುರ 7,181 ಅಡಿಯಲ್ಲಿದೆ, 2,189 ಮೀಟರ್. ಮುಳ್ಳಯ್ಯನಗಿರಿಗಿಂತ ಎತ್ತರ, ಉಸಿರು ಸ್ವಲ್ಪ ಬೇಗ ಕಟ್ಟಬಹುದು, ಅಪಾಯದ ಎತ್ತರ ಅಲ್ಲ. ಕೊನೆಯ ಭಾಗ ಸಡಿಲ ಕಲ್ಲಿನ ಪಕ್ಕಕ್ಕೆ ಕೊರೆದ ಕಿರಿದಾದ ದಾರಿ. ಆಳ ನೋಡಿದರೆ ತಲೆ ತಿರುಗುವವರಿಗೆ ಅದು ಹಿಡಿಸುವುದಿಲ್ಲ. ಆ ರಸ್ತೆ ಸಾಮಾನ್ಯವಾಗಿ ಜುಲೈನಲ್ಲಿ ತೆರೆಯುತ್ತದೆ, ನಿಮ್ಮ ತಿಂಗಳಿಗೆ ಸರಿಹೋಗುತ್ತದೆ.

ಮೌಂಟ್ ಪಿಲ್ಚಕ್ ಅಂತ ಇನ್ನೊಂದು ಗೋಪುರ ಇದೆ. ಏರು 2,300 ಅಡಿಯಷ್ಟು, ಗ್ರಾನೈಟ್‌ಗಿಂತ ಕಡಿಮೆ. ಅಂಕಿ ನೋಡಿ ಯಾರಾದರೂ ಅದನ್ನು ಹೇಳಬಹುದು. ನಾನು ಹೇಳುವುದಿಲ್ಲ. ತುದಿಯಲ್ಲಿ ದೊಡ್ಡ ಬಂಡೆಗಳ ಮೇಲೆ ಕೈಕಾಲು ಊರಿ ಹೋಗಿ, ಏಣಿ ಹತ್ತಬೇಕು. ಮಂಡಿಗಿಂತ ಮಣಿಕಟ್ಟಿನ ಚಿಂತೆ ಅಂದೆನಲ್ಲ, ಅದಕ್ಕೆ.

ಇಲ್ಲ, ಗ್ರಾನೈಟೇ ಹತ್ತಬೇಕು ಅಂತ ಮನಸ್ಸಿದ್ದರೆ ಆಗಸ್ಟ್ ಮಧ್ಯದವರೆಗೆ ಕಾಯಿರಿ. ಚಳಿಗಾಲ, ವಸಂತದಲ್ಲಿ ಆ ದಾರಿಯಲ್ಲಿ ಹಿಮ ಕುಸಿಯುವ ಇಳುಕಲು ದಾಟಬೇಕು, ಜನ ಸತ್ತಿರುವ ಜಾಗ ಅದು. ಆಗಸ್ಟ್‌ನಲ್ಲಿ ಆ ಭಯ ಇಲ್ಲ. ಆದರೆ ಮೇಲಿನ ಅರ್ಧ ತೆಂಕು ಬಿಸಿಲಿಗೆ ತೆರೆದುಕೊಂಡಿರುತ್ತದೆ, ನೀರು ಸಿಗುವುದಿಲ್ಲ. ಅಷ್ಟರೊಳಗೆ ಸಿಯಾಟಲ್ ಹತ್ತಿರದ ಸಣ್ಣ ಬೆಟ್ಟದಿಂದ ಶುರು ಮಾಡಿ ಹಂತ ಹಂತವಾಗಿ ಏರಿ. ಗ್ರಾನೈಟ್‌ಗೆ ಹೋಗುವ ಹೆದ್ದಾರಿ ಬದಿಯಲ್ಲೇ ಲಿಟ್ಲ್ ಸೈ ಅನ್ನುವ ಬೆಟ್ಟ ಇದೆ, 1,300 ಅಡಿ ಏರು. ಅದು ಆರಾಮಾಗಿ ಆದರೆ ಮೌಂಟ್ ಸೈ, 3,150 ಅಡಿ. ಮೌಂಟ್ ಸೈ ಇಳಿದ ಮೂರನೇ ದಿನ ಮಂಡಿ ಊದಿರದಿದ್ದರೆ ಗ್ರಾನೈಟ್‌ಗೆ ಹೋಗಬಹುದು. ಊದಿದರೆ ಫ್ರೀಮಾಂಟ್. ಇದರಲ್ಲಿ ಮರ್ಯಾದೆಯ ಪ್ರಶ್ನೆ ಏನೂ ಇಲ್ಲ. ಅಳಿಯಂದಿರ ಮುಂದೆ ಸಂಕೋಚ ಆದರೆ ಮೇಡಂ ಹೇಳಿದರು ಅನ್ನಿ. ಹೋದ ಮೊದಲ ವಾರ ಮಾತ್ರ ಯಾವ ಬೆಟ್ಟವೂ ಬೇಡ. ಹನ್ನೆರಡೂವರೆ ಗಂಟೆ ಸಮಯ ವ್ಯತ್ಯಾಸ, ನಿದ್ದೆ ಹಳಿಗೆ ಬರಬೇಕು. ಉದ್ದದ ವಿಮಾನ ಪ್ರಯಾಣ ಆದಮೇಲೆ ಒಂದೇ ಮೀನಖಂಡ ಊದಿ ನೋವು ಬಂದರೆ ಅದನ್ನು ಸ್ನಾಯು ನೋವು ಅಂದುಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ತೋರಿಸಿ.

ಸಮಯದ ಲೆಕ್ಕಕ್ಕೆ 1892ರಲ್ಲಿ ನೇಸ್ಮಿತ್ ಅನ್ನುವ ಸ್ಕಾಟ್‌ಲ್ಯಾಂಡಿನವರು ಹಾಕಿಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ. ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಮತ್ತೊಂದು ಗಂಟೆ. ಆ ಪ್ರಕಾರ ಗ್ರಾನೈಟ್‌ಗೆ ನಾಲ್ಕೂಮುಕ್ಕಾಲು ಗಂಟೆ. ಅದು ಗಟ್ಟಿಗರು ನಿಲ್ಲದೆ ನಡೆದರೆ. ನಿಮಗೆ ಎಂಟು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಹೆಜ್ಜೆ ಇಟ್ಟಿರಬೇಕು, ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದರೂ ವಾಪಸ್ ತಿರುಗಬೇಕು. ಗೋಪುರ ಕಣ್ಣಿಗೆ ಕಾಣುತ್ತಿದ್ದರೂ ಸರಿ. ಈ ಒಂದು ಮಾತನ್ನು ಹೊರಡುವ ಹಿಂದಿನ ರಾತ್ರಿಯೇ ಅಳಿಯಂದಿರ ಹತ್ತಿರ ಒಪ್ಪಿಸಿಕೊಳ್ಳಿ, ಬೆಟ್ಟದ ಮೇಲೆ ಆ ಮಾತು ನಡೆಯುವುದಿಲ್ಲ. ಹತ್ತುವ ವೇಗಕ್ಕೆ ವಾಚು ನೋಡಬೇಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ಜೋರಾಯಿತು ಅಂತ ಅರ್ಥ.

ಮಂಡಿಯ ಕ್ಯಾಪ್ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಬೆಚ್ಚಗಿರುತ್ತದೆ, ಧೈರ್ಯ ಬರುತ್ತದೆ. ಬಿಗಿಯಾದದ್ದು ಬೇಡ, ಅದರಿಂದ ಬಲ ಬರುತ್ತದೆ ಅಂತ ನಂಬುವುದೂ ಬೇಡ. ಅದಕ್ಕಿಂತ ಬಹಳ ಒಳ್ಳೆಯದು ಕೈಯಲ್ಲಿ ಎರಡು ಕೋಲು. ಒಂದಲ್ಲ, ಎರಡು. ಇಳಿಯುವಾಗ ಎರಡು ಕೋಲು ಊರಿದರೆ ಮಂಡಿಯ ಮೇಲಿನ ಹೊರೆ ಶೇ 12ರಿಂದ 25ರಷ್ಟು ಕಡಿಮೆಯಾದದ್ದನ್ನು 1999ರಲ್ಲೇ ಅಳೆದು ತೋರಿಸಿದ್ದಾರೆ. ಹತ್ತುವಾಗ ಮೊಣಕೈ ಲಂಬವಾಗಿ ಮಡಚುವಷ್ಟು ಉದ್ದ, ಇಳಿಯುವಾಗ ಐದರಿಂದ ಹತ್ತು ಸೆಂ.ಮೀ. ಜಾಸ್ತಿ. ಉಚ್ಚಂಗಿದುರ್ಗದಲ್ಲೇ ಅಭ್ಯಾಸ ಮಾಡಿ, ಜನ ನೋಡಿ ನಕ್ಕರೆ ನಗಲಿ. ಹೆಜ್ಜೆ ಚಿಕ್ಕದಿರಲಿ, ಮಂಡಿ ಯಾವತ್ತೂ ಪೂರ್ತಿ ನೆಟ್ಟಗೆ ಬೀಗ ಹಾಕಿದಂತೆ ಇರಬಾರದು. ಶೂ ಅರ್ಧ ಸೈಜು ದೊಡ್ಡದು ತಗೊಳ್ಳಿ, ಉಗುರು ಕತ್ತರಿಸಿಕೊಂಡು ಹೋಗಿ. ಇಳಿಯುವಾಗ ಬೆರಳು ಮುಂದಕ್ಕೆ ತಾಗಿ ತಾಗಿ ಉಗುರು ಕಪ್ಪಾಗುತ್ತದೆ. ಹೊಸ ಶೂ ಬೆಟ್ಟದ ದಿನವೇ ಹಾಕಬೇಡಿ.

ತೂಕದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಸಾಲು. ಮಂಡಿ ನೋವಿರುವ, ತೂಕ ಜಾಸ್ತಿ ಇರುವ ಹಿರಿಯರಲ್ಲಿ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ನಾಲ್ಕು ಕೆ.ಜಿ. ಹೊರೆ ಇಳಿಯುತ್ತದೆ ಅಂತ 2005ರ ಅಧ್ಯಯನವೊಂದು ಕಂಡುಕೊಂಡಿದೆ. ಜೂನ್ ಒಳಗೆ ಎರಡು ಮೂರು ಕೆ.ಜಿ. ಇಳಿದರೂ ಸಾಕು, ಉಪವಾಸ ಮಾತ್ರ ಬೇಡ.

ನೀರಿನ ವಿಷಯ ಹೆಂಗಸರಿಗೆ ಬಿಡಿಸಿ ಹೇಳಲೇಬೇಕು. ದಾರಿಯಲ್ಲಿ ಟಾಯ್ಲೆಟ್ ಇಲ್ಲ ಅಂತ ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತೀರಿ. ನಿಮ್ಮ ಮಾತ್ರೆಯೂ ನೀರು ತೆಗೆಯುತ್ತದೆ. ಮಧ್ಯಾಹ್ನಕ್ಕೆ ತಲೆ ಸುತ್ತು, ಕಾಲು ಸೆಳೆತ. ಹಾಗೆ ಮಾಡಬೇಡಿ. ಮರೆ ಸಿಗುತ್ತದೆ, ಮಗಳು ಜೊತೆಗಿರುತ್ತಾಳೆ. ಎರಡೂವರೆ ಮೂರು ಲೀಟರ್ ಇರಲಿ, ಗುಟುಕು ಗುಟುಕಾಗಿ ಕುಡಿಯಿರಿ, ಒಮ್ಮೆಲೇ ಗಟಗಟ ಅಲ್ಲ. ಬರೀ ನೀರನ್ನೇ ಅತಿಯಾಗಿ ಕುಡಿದರೂ ರಕ್ತದಲ್ಲಿ ಉಪ್ಪಿನಂಶ ಇಳಿದು ತೊಂದರೆ, ಜೊತೆಗೆ ಉಪ್ಪಿರುವ ತಿನಿಸು ಬೇಕು. ಮಂಡಕ್ಕಿ ಬಾಯಿಗೆ ರುಚಿ, ಬೆಟ್ಟಕ್ಕೆ ಸಾಲದು. ಚಪಾತಿ ಪಲ್ಯ, ಶೇಂಗಾ ಹೋಳಿಗೆ, ಖಾರ ಶೇಂಗಾ ಇರಲಿ. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ.

ಪ್ರವಾಸದ ವಿಮೆ ಮಾಡಿಸುವಾಗ ಬಿಪಿ ಇರುವುದನ್ನು ಮುಚ್ಚಿಡಬೇಡಿ, ಬೆಟ್ಟದ ನಡಿಗೆಯೂ ಅದರೊಳಗೆ ಬರುತ್ತದಾ ಅಂತ ಕೇಳಿ ಬರಹದಲ್ಲಿ ಪಡೆಯಿರಿ. ಅಲ್ಲಿ ಆಂಬುಲೆನ್ಸ್ ಹತ್ತಿದರೇ ಸಾವಿರಾರು ಡಾಲರ್ ಆಗಬಹುದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಾಡಿನ ಬೆಂಕಿಯ ಹೊಗೆ ಸಿಯಾಟಲ್‌ವರೆಗೂ ಬರುವುದುಂಟು. ಗಾಳಿ ಕೆಟ್ಟಿರುವ ದಿನ ಹತ್ತುವುದನ್ನು ಮುಂದೂಡಿ, ಗೋಪುರ ಎಲ್ಲಿಗೂ ಓಡಿಹೋಗುವುದಿಲ್ಲ.

ಈಗ ನೀವು ಮಾಡಬೇಕಾದದ್ದು ಇಷ್ಟು. ನಾಳೆಯಿಂದಲೇ ಮೆಟ್ಟಿಲ ವ್ಯಾಯಾಮ ಶುರು ಮಾಡಿ. ಜೂನ್ ಎರಡನೇ ವಾರ ಮಳೆ ಬಿಡುವು ಕೊಟ್ಟ ದಿನ ಉಚ್ಚಂಗಿದುರ್ಗವನ್ನು ಬೆನ್ನಿಗೆ ಬ್ಯಾಗು, ಕೈಗೆ ಕೋಲು ಹಿಡಿದು ಮೂರು ಸಲ ಹತ್ತಿ ಇಳಿಯಿರಿ. ಮೂರನೇ ದಿನ ಬೆಳಿಗ್ಗೆ ಮಂಡಿಯ ಸುತ್ತಳತೆಯನ್ನು ಟೇಪಿನಿಂದ ಅಳೆದು, ಹತ್ತುವ ಮುಂಚಿನ ಅಳತೆಯ ಜೊತೆ ನನಗೆ ಬರೆದು ಕಳಿಸಿ. ಡಾಕ್ಟರು ಏನಂದರು ಅಂತಲೂ ಬರೆಯಿರಿ. ಗ್ರಾನೈಟಾ, ಫ್ರೀಮಾಂಟಾ ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.